ನೆರೆಬೀದಿಯ ಮರ್ಯಾದೆ

ಕನ್ನಡಕದಂಗಡಿಯ ಅಕ್ಕನಿಗೆ ಕತ್ತಲೆಂದರೆ ಭಯವಿರಲಿಲ್ಲ. ಕರೆಂಟು ಹೋದರೆ ಗಲ್ಲಾಪೆಟ್ಟಿಗೆಯ ಮೇಲೆ ಮೇಣದಬತ್ತಿ ಹಚ್ಚಿಟ್ಟು, ಆ ಬೆಳಕಿನಲ್ಲೇ ಗಿರಾಕಿಯ ಕನ್ನಡಕದ ಕಡ್ಡಿಗೆ ತಿರುಪು ಹಾಕಿ ಕೊಡುತ್ತಿದ್ದಳು. ಅವಳು ಹೆದರುತ್ತಿದ್ದುದು ಒಂದೇ ಒಂದು ಕತ್ತಲಿಗೆ. ಅದು ಅವಳ ಅಂಗಡಿಯ ನೆಲದ ಅಡಿಯಲ್ಲೇ ಇತ್ತು.

ಒಳಪೇಟೆಯ ಬೀದಿಗಳೆಲ್ಲ ಒಂದು ಕಲ್ಲಿನ ಸುರಂಗದ ಮೇಲೆ ಕೂತಿವೆ. ಹಿಂದೆ ಅಲ್ಲಿ ಬಯಲಿನಲ್ಲೇ ಹಳ್ಳ ಹರಿಯುತ್ತಿತ್ತು. ಪೇಟೆ ಬೆಳೆದು, ಜನ ಕಸವನ್ನೆಲ್ಲ ಅದಕ್ಕೆ ಸುರಿದು, ನಾತಕ್ಕೆ ಯಾರೂ ಕಿಟಕಿ ತೆರೆಯದಂತಾಯಿತು. ಆಗಷ್ಟೇ ಹುಟ್ಟಿಕೊಂಡಿದ್ದ ಒಳಪೇಟೆ ಪುರಸಭೆ ಮಾಡಿದ ಮೊದಲ ಕೆಲಸವೆಂದರೆ ಹಳ್ಳದ ಎರಡೂ ಬದಿಗೆ ಗೋಡೆ ಕಟ್ಟಿ, ಮೇಲೆ ಕಮಾನು ಹಾಕಿ ಮುಚ್ಚಿಬಿಟ್ಟದ್ದು. ಅಂದಿನಿಂದ ಅದರ ಹೆಸರು ಒಳಗಾಲುವೆ. ಮುಚ್ಚಿದ ಮಾತ್ರಕ್ಕೆ ಹೂಳು ತುಂಬುವುದು ನಿಲ್ಲುತ್ತದೆಯೇ? ಹಾಗಾಗಿ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಆಳುಗಳು ಒಳಗಿಳಿದು ಗಟ್ಟಿ ಹೂಳನ್ನು ಕೆದಕಿ ಸಡಿಲಿಸುತ್ತಿದ್ದರು. ಅವರು ಹೊರಬಂದ ಮೇಲೆ ಪೇಟೆಯ ಮೇಲ್ಗಡೆಯ ಕೆರೆಯ ತೂಬು ತೆಗೆದು, ನೀರಿನ ರಭಸಕ್ಕೆ ಎಲ್ಲವನ್ನೂ ನದಿಗೆ ತೊಳೆದುಬಿಡುತ್ತಿದ್ದರು.

ಒಂದು ವರ್ಷ ಆಳುಗಳು ಒಳಗಿರುವಾಗಲೇ ತೂಬು ತೆಗೆದರು. ಎಲ್ಲರೂ ಬಂದರೆಂದು ಯಾರೋ ಯಾರಿಗೋ ಹೇಳಿದ್ದರಂತೆ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಒಳಗೆ ಎಷ್ಟು ಜನ ಉಳಿದಿದ್ದರು, ಯಾವುದಕ್ಕೂ ಉತ್ತರವಿರಲಿಲ್ಲ. ಆ ಸಾವಿನ ಪಾಪಭಯದಿಂದ ಪುರಸಭೆ ಒಂದು ನಿಯಮ ಮಾಡಿಕೊಂಡಿತು. ಪ್ರತಿವರ್ಷ ಬೀದಿಗೊಬ್ಬರಂತೆ ಸದಸ್ಯರೇ ಕಾಲುವೆಯನ್ನು ಮೇಲಿನಿಂದ ಕೆಳಗಿನವರೆಗೆ ನಡೆದು ಬರಬೇಕು, ಒಳಗೆ ನರಪಿಳ್ಳೆ ಇಲ್ಲವೆಂದು ಕಣ್ಣಾರೆ ನೋಡಬೇಕು. ಅಧ್ಯಕ್ಷರು ಮಾತ್ರ ಕೆಳಬಾಯಿಯ ಹತ್ತಿರ ನಿಂತು ಒಂದೊಂದೇ ಬೀದಿಯ ಹೆಸರು ಕೂಗಬೇಕು. ಆಯಾ ಬೀದಿಯವರು 'ಇದ್ದೀವಿ' ಎನ್ನಬೇಕು. ಕೊನೆಯ 'ಇದ್ದೀವಿ' ಕೇಳುವ ತನಕ ಒಂದು ತೊಟ್ಟು ನೀರೂ ಬಿಡಕೂಡದು.

ಒಳ್ಳೆಯ ನಿಯಮ. ಅದನ್ನು ಕೆಡಿಸಿದ್ದು ಕೆಟ್ಟತನವಲ್ಲ, ಸೌಜನ್ಯ. ಮರದ ಅಡ್ಡೆ ಬೀದಿಯ ಸದಸ್ಯರೊಬ್ಬರು ಬಹಳ ದಪ್ಪಗಿದ್ದರು. ಕಾಲುವೆಯ ಕಿರಿದಾದ ಜಾಗದಲ್ಲಿ ಸಿಕ್ಕಿಕೊಂಡು ಒಮ್ಮೆ ಮಾನ ಹೋಗಿದ್ದರಿಂದ ಮರುವರ್ಷ ಮನೆಯಲ್ಲೇ ಉಳಿದರು. ಅವರ ಬೀದಿಯ ಹೆಸರು ಕೂಗಿದಾಗ ಪಕ್ಕದ ಬೀದಿಯವರು, ಪಾಪ ಯಾಕೆ ಆ ಮನುಷ್ಯನನ್ನು ಸಭೆಯಲ್ಲಿ ಆಡಿಕೊಳ್ಳುವುದು ಎಂದು, ತಾವೇ 'ಇದ್ದೀವಿ' ಅಂದುಬಿಟ್ಟರು. ಆಮೇಲೆ ಜ್ವರ ಬಂದವರಿಗೆ, ಮನೆಯಲ್ಲಿ ಮದುವೆ ಇದ್ದವರಿಗೆ, ಸತ್ತು ಇನ್ನೂ ಚುನಾವಣೆ ಆಗದವರಿಗೆ, ಎಲ್ಲರಿಗೂ ಪಕ್ಕದ ಬೀದಿಯೇ ಬಾಯಿಯಾಯಿತು. ಇದಕ್ಕೆ ನೆರೆಬೀದಿಯ ಮರ್ಯಾದೆ ಎಂಬ ಹೆಸರೂ ಬಂತು. ಮರ್ಯಾದೆಗೆ ಯಾರು ತಾನೇ ಬೇಡ ಅನ್ನುತ್ತಾರೆ.

ಅಕ್ಕ ಹಗ್ಗದ ಬೀದಿಯಿಂದ ಗೆದ್ದು ಸದಸ್ಯೆಯಾದ ಮೊದಲ ವರ್ಷ ಎಲ್ಲರ ಜೊತೆ ಕಾಲುವೆಗಿಳಿದಿದ್ದಳು. ಹಳೇ ಮಾರುಕಟ್ಟೆಯ ಅಡಿಯಲ್ಲಿ ಕಾಲುವೆ ತಿರುಗುವ ಕಡೆ ಅವಳ ಟಾರ್ಚು ಆರಿಹೋಯಿತು. ಆಸರೆಗೆಂದು ಗೋಡೆಗೆ ಕೈ ಹಚ್ಚಿದಳು. ಗೋಡೆ ಒದ್ದೆಯಾಗಿತ್ತು, ತಣ್ಣಗಿತ್ತು, ಅವಳ ಅಂಗೈಯ ಅಡಿಯಲ್ಲಿ ಏನೋ ಸರಿಯಿತು. ಜಿರಲೆಯೋ, ಜರಿಯೋ, ನೀರೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಹೊರಬಂದ ಮೇಲೆ ಎರಡು ದಿನ ಅನ್ನ ಇಳಿಯಲಿಲ್ಲ. ಮರುವರ್ಷ ಅವಳು ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಹೆಂಗಸಿಗೆ ಎಷ್ಟು ಆಸೆ ನೋಡಿ ಎಂದು ಕೆಲವರು ಮೂಗು ಮುರಿದರು. ಅವಳಿಗಿದ್ದದ್ದು ಒಂದೇ ಆಸೆ. ಅಧ್ಯಕ್ಷರಾದವರು ಒಳಗೆ ಹೋಗಬೇಕಿರಲಿಲ್ಲ.

ಹೊರಗೆ ನಿಂತರೂ ಆ ಕಪ್ಪು ಬಾಯಿಯನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಬೆನ್ನು ಮಾಡಿ, ಬೀದಿಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಹೆಸರು ಕೂಗುತ್ತಿದ್ದಳು. ಕೊನೆಯ ಹೆಸರು ಅವಳದೇ ಬೀದಿಯದು. ಹಗ್ಗದ ಬೀದಿಯ ಸದಸ್ಯೆ ಹೊರಗೇ ಇದ್ದಾಳಲ್ಲ, ಆದರೂ ಹೆಸರು ಬಿಡುವಂತಿಲ್ಲ. ಪಕ್ಕದ ಒಲೆಬೀದಿಯ ಸದಸ್ಯ, ಬೇಕರಿಯವನು, ತನ್ನದರ ಜೊತೆ ಅದನ್ನೂ ಹೇಳುತ್ತಿದ್ದ. ಅವಳು ಅಧ್ಯಕ್ಷೆಯಾಗಿದ್ದಷ್ಟು ಕಾಲವೂ ಬೇಕರಿಯವನ ದಪ್ಪ ದನಿಯ ಆ 'ಇದ್ದೀವಿ' ಕೇಳಿದ ಮೇಲೆಯೇ ಅವಳ ಜೀವ ಜಾಗಕ್ಕೆ ಬರುತ್ತಿದ್ದದ್ದು.

ಆಮೇಲೆ ಮಹಾನಗರ ಪಾಲಿಕೆ ಪುರಸಭೆಯನ್ನು ನುಂಗಿತು. ಸಭಾಂಗಣದಲ್ಲಿ ತೆರಿಗೆ ಕಟ್ಟುವ ಕಿಟಕಿಗಳು ಬಂದವು. ನಡಿಗೆ ನಿಂತಿತು, ಯಂತ್ರಗಳು ಬಂದು ಬೀದಿಯ ಮೇಲಿನಿಂದಲೇ ಹೂಳು ಎತ್ತತೊಡಗಿದವು. ಎಲ್ಲರೂ ಹಳಹಳಿಸಿದರು, ಸನ್ಮಾನ ಮಾಡಿಕೊಂಡರು, ಹೂವಿನ ಹಾರದಲ್ಲಿ ಅತ್ತರು. ಅಕ್ಕ ಮಾತ್ರ ಆ ವರ್ಷ ಮಳೆಗಾಲಕ್ಕೆ ಮುಂಚೆ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಅವಳ ನಿದ್ದೆ ಕೆಡಿಸಿದವಳು ಅವಳ ಮಗಳೇ.

ಒಬ್ಬಳೇ ಮಗಳು, ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಾಳೆ, ಮನೆಯಲ್ಲಿ ಇನ್ನೂ ಪುಟ್ಟಿ. ಸತ್ತುಹೋದ ಪುರಸಭೆಯ ಚರಿತ್ರೆ ಬರೆಯುತ್ತೇನೆಂದು ಮೂರು ವರ್ಷದಿಂದ ಒಳಪೇಟೆಯ ಮುದುಕರನ್ನೆಲ್ಲ ಮಾತಾಡಿಸಿ, ಅವರ ಸುಳ್ಳನ್ನೂ ನಿಜವನ್ನೂ ಒಂದೇ ಗೌರವದಿಂದ ಕೇಳಿಕೊಂಡು ಬಂದಿದ್ದಳು. ಪುಸ್ತಕ ಮುಗಿಯುವ ಹೊತ್ತಿಗೆ ಸುದ್ದಿ ಬಂತು: ಪಾಲಿಕೆಯವರು ಒಳಗಾಲುವೆಯೊಳಗೆ ದೊಡ್ಡ ಪೈಪು ಕೂರಿಸುತ್ತಾರೆ, ಅದಕ್ಕೆ ಮುಂಚೆ ಕೊನೆಯ ಸಲ ತೂಬು ತೆಗೆದು ತೊಳೆಯುತ್ತಾರೆ. ಹಳೆಯ ಸದಸ್ಯರಿಗೆಲ್ಲ ಪ್ರಾಯ ಉಕ್ಕಿ ಬಂತು. ಕೊನೆಯ ನಡಿಗೆ ಮಾಡಿಯೇ ಸೈ ಎಂದರು. ಪಾಲಿಕೆಯ ಇಂಜಿನಿಯರು ಅವರ ಕಾಟ ತಡೆಯಲಾರದೆ, ಆಗುವ ಹೋಗುವ ಯಾವುದಕ್ಕೂ ನಾವು ಹೊಣೆಯಲ್ಲ ಎಂದು ಎಲ್ಲರಿಂದಲೂ ಸಹಿ ಹಾಕಿಸಿಕೊಂಡು ಕೈ ತೊಳೆದುಕೊಂಡ.

"ನಾನೂ ಹೋಗ್ತೀನಿ" ಎಂದಳು ಮಗಳು, ತಟ್ಟೆಯ ಮುಂದೆ ಕೂತು. "ಹಗ್ಗದ ಬೀದಿಯಿಂದ ಇಷ್ಟು ವರ್ಷ ಯಾರೂ ನಡೆದೇ ಇಲ್ಲ. ನಿನ್ನ ಜಾಗದಲ್ಲಿ ನಾನು."

ಅಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಬೇಡ."

"ಯಾಕಮ್ಮ?"

"ಬೇಡ ಅಂದ್ರೆ ಬೇಡ. ಒಳಗೆ ಏನಿದೆ ಅಂತ ಹೋಗ್ತೀಯ? ಇಲಿ, ಜರಿ, ಕೆಸರು. ಫೋಟೋ ಬೇಕಾದ್ರೆ ಬೇಕರಿಯಣ್ಣ ತೆಗೆದು ಕೊಡ್ತಾನೆ."

"ಬೇಕರಿಯಣ್ಣ ಫೋಟೋ ತೆಗೆದ್ರೆ ಅವನ ಹೆಬ್ಬೆರಳೊಂದೇ ಬರೋದು. ಮಾರುಕಟ್ಟೆ ತಿರುವಿನ ಗೋಡೆ ಮೇಲೆ, ಸತ್ತ ಆಳುಗಳ ಜೊತೆಯವರು ಗುದ್ದಲಿ ಗುರುತು ಕೆತ್ತಿದ್ದಾರಂತೆ. ಒಬ್ಬೊಬ್ಬರಿಗೆ ಒಂದೊಂದು. ಅದನ್ನ ಎಣಿಸಿದ್ರೆ ಎಷ್ಟು ಜನ ಸತ್ತರು ಅಂತ ಗೊತ್ತಾಗುತ್ತೆ. ಪೈಪು ಕೂತ ಮೇಲೆ ಯಾರಿಗೂ ಕಾಣಲ್ಲ."

ಅಕ್ಕನ ಅಂಗೈಗೆ ಆ ತಿರುವಿನ ತಣ್ಣನೆ ಮತ್ತೆ ತಾಕಿದಂತಾಯಿತು. ಅವಳು ಅಂದು ಕೈ ಹಚ್ಚಿದ್ದು ಅದೇ ಗೋಡೆಗೆ. ಅದನ್ನಾದರೂ ಹೇಳಬಹುದಿತ್ತು. ಆದರೆ ಮಗಳು ಆಗಲೇ ತನ್ನ ಪುಸ್ತಕದಲ್ಲಿ ಒಂದು ಮಾತು ಬರೆದು, ಹೆಮ್ಮೆಯಿಂದ ಅಮ್ಮನಿಗೆ ಓದಿ ಹೇಳಿದ್ದಳು. 'ಅಧ್ಯಕ್ಷರು ಕಾಲುವೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಹೆಸರು ಕೂಗುವುದು ಪುರಸಭೆಯ ಕೊನೆಯ ದಿನಗಳ ಒಂದು ಸುಂದರ ಪದ್ಧತಿ. ಯಾರ ಮುಖವನ್ನೂ ನೋಡದೆ ಎಲ್ಲ ಬೀದಿಗಳನ್ನೂ ಒಂದೇ ಸಮನಾಗಿ ಕಾಣಬೇಕೆಂಬುದು ಅದರ ಆಶಯ.' ಅಂದು ಅಕ್ಕ ನಗುವನ್ನೂ ನಾಚಿಕೆಯನ್ನೂ ಒಟ್ಟಿಗೆ ನುಂಗಿ, ಚೆನ್ನಾಗಿದೆ ಎಂದಿದ್ದಳು. ಈಗ ಬಾಯಿ ಬಿಟ್ಟರೆ ಪದ್ಧತಿಯ ಬಣ್ಣ ಬಯಲಾಗುತ್ತದೆ. ಸುಮ್ಮನೆ ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ನಡಿಗೆಯ ದಿನ ಬೆಳಿಗ್ಗೆ ಮೋಡ ಕವಿದಿತ್ತು. ನಡೆಯುವವರು ಮೇಲೆ ಕೆರೆಯ ಹತ್ತಿರ ಸೇರಿದರು. ಅಕ್ಕ ಕೆಳಗೆ, ಹಗ್ಗದ ಬೀದಿಯ ಹಿಂಭಾಗದ ಕಲ್ಲುಮೆಟ್ಟಿಲ ಬಳಿ, ಕಾಲುವೆಯ ಬಾಯಿಗೆ ಬೆನ್ನು ಮಾಡಿ ನಿಂತಳು. ಮನೆಯಿಂದ ಹೊರಡುವಾಗ ಮಗಳ ರೇನ್‌ಕೋಟಿನ ಗುಂಡಿಗಳನ್ನು ತಾನೇ ಹಾಕಿದ್ದಳು. ಪಾಲಿಕೆಯವರು ಕೊಟ್ಟ ಹಳದಿ ರೇನ್‌ಕೋಟು, ಹಳದಿ ಟೋಪಿ, ಮೊಣಕಾಲುದ್ದದ ರಬ್ಬರ್ ಬೂಟು. ಎಲ್ಲರದೂ ಒಂದೇ ತರಹ.

"ಬೇಕರಿಯಣ್ಣನ ಹಿಂದೇನೇ ಇರು. ಎಲ್ಲೂ ನಿಲ್ಬೇಡ" ಎಂದಿದ್ದಳು ಗುಂಡಿ ಹಾಕುತ್ತ.

"ಆಯ್ತಮ್ಮ."

"ಫೋಟೋ ಹಾಳಾಗ್ಲಿ, ಹೋಗ್ತಾ ಹೋಗ್ತಾ ತೆಗಿ."

"ಆಯ್ತು ಅಂದ್ನಲ್ಲ. ನೀನೊಬ್ಬಳು, ನಾನು ಯುದ್ಧಕ್ಕೆ ಹೋಗ್ತಿದೀನಾ?"

ಬೀದಿಯವರು ಗುಂಪುಗೂಡಿದ್ದರು. ಹಳೆಯ ಸದಸ್ಯರ ಹೆಂಡಿರು, ಮೊಮ್ಮಕ್ಕಳು, ಪತ್ರಿಕೆಯ ಒಬ್ಬ ಫೋಟೋದವನು. ಎಲ್ಲರೂ ಹರಟುತ್ತಿದ್ದರು. ಅಕ್ಕನಿಗೆ ಬೆನ್ನ ಹಿಂದಿನದೊಂದೇ ಕೇಳುತ್ತಿತ್ತು. ಕಾಲುವೆಯ ಬಾಯಿಯಿಂದ ಒಂದು ತಣ್ಣನೆ ಗಾಳಿ ಬಂದು ಅವಳ ಕತ್ತಿಗೆ ತಾಕಿ ಹೋಗುತ್ತಿತ್ತು. ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಅದೂ ಇಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಇಷ್ಟು ಹೊತ್ತಿಗೆ ಗಂಟೆಬೀದಿ ದಾಟಿರಬೇಕು. ಇಷ್ಟು ಹೊತ್ತಿಗೆ ಮಾರುಕಟ್ಟೆ. ತಿರುವು.

ಕೊನೆಗೂ ದೂರದಿಂದ ಮಾತು ಕೇಳಿಸಿತು. ಗಂಟೆಬೀದಿಯ ಹಲ್ಲಿನ ಡಾಕ್ಟರು, ಹಲ್ಲು ಕೀಳುವಾಗಲೂ ಬಾಯಿ ಮುಚ್ಚದ ಮನುಷ್ಯ, ಕಾಲುವೆಯೊಳಗೂ ಏನೋ ಭಾಷಣ ಮಾಡುತ್ತಿದ್ದರು. ನಗು, ಕೆಮ್ಮು, ಬೂಟಿನ ಚಪಚಪ. ಒಬ್ಬೊಬ್ಬರಾಗಿ ಬೆಳಕಿಗೆ ಬಂದರು. ಜನ ಚಪ್ಪಾಳೆ ತಟ್ಟಿದರು, ಮೊಮ್ಮಕ್ಕಳು ಮೂಗು ಮುಚ್ಚಿಕೊಂಡರು, ಫೋಟೋದವನು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಲು ಹೆಣಗಿದ.

"ಶುರು ಮಾಡಿ ಅಧ್ಯಕ್ಷರೇ!" ಯಾರೋ ಕೂಗಿದರು. ಎಷ್ಟೋ ವರ್ಷದ ಮೇಲೆ ಆ ಹೆಸರಿನಿಂದ ಕರೆದಿದ್ದರು.

ಅಕ್ಕ ತಿರುಗಬಹುದಿತ್ತು. ತಿರುಗಿ ಒಂದೇ ಒಂದು ಸಲ ನೋಡಬಹುದಿತ್ತು. ಆದರೆ ಕಾಲುವೆಯ ಬಾಯಿ ಅಲ್ಲೇ ಇತ್ತು. ಅವಳು ಕಣ್ಣು ಮುಚ್ಚಿದಳು.

"ಗಂಟೆಬೀದಿ?"

"ಇದ್ದೀವಿ!"

"ಮರದ ಅಡ್ಡೆ ಬೀದಿ?"

"ಇದ್ದೀವಿ!"

"ಹಳೇ ಮಾರುಕಟ್ಟೆ?"

"ಇದ್ದೀವಿ, ಇದ್ದೀವಿ!" ಜನ ನಕ್ಕರು. ಹೀಗೆ ಸಾಗಿತು. ಪ್ರತಿ 'ಇದ್ದೀವಿ'ಗೂ ಎದೆಯ ಮೇಲಿನ ಭಾರ ಒಂದಿಷ್ಟು ಇಳಿಯುತ್ತಿತ್ತು.

"ಒಲೆಬೀದಿ?"

"ಇದ್ದೀವಿ!"

"ಹಗ್ಗದ ಬೀದಿ?"

"ಇದ್ದೀವಿ!"

ಅದೇ ದಪ್ಪ ದನಿ. ಅದೇ ಜಾಗದಲ್ಲಿ, ಅದೇ ಹದದಲ್ಲಿ, ಎಷ್ಟೋ ವರ್ಷ ಕೇಳಿದ ಹಾಗೆಯೇ. ಅಕ್ಕನ ಜೀವ ಜಾಗಕ್ಕೆ ಬಂತು. ಅವಳು ಫೋನು ತೆಗೆದು ಮೇಲೆ ಕೆರೆಯ ಹತ್ತಿರ ಕಾಯುತ್ತಿದ್ದ, ಮೊದಲಿನಿಂದಲೂ ತೂಬು ನೋಡಿಕೊಳ್ಳುವ ತಾತನಿಗೆ ಹಚ್ಚಿದಳು. "ಎಲ್ಲರೂ ಬಂದ್ರು ತಾತ. ನೀರು ಬಿಡಿ."

"ಬಿಟ್ಟೆ ತಾಯಿ" ಎಂದ ತಾತ.

ಆಗ ಅವಳು ತಿರುಗಿದಳು, ನಗುತ್ತಲೇ. ಹಳದಿ ಕೋಟುಗಳ ನಡುವೆ ಮಗಳನ್ನು ಹುಡುಕಿದಳು. ಹಲ್ಲಿನ ಡಾಕ್ಟರು, ಮರದ ಅಡ್ಡೆಯವರು, ಮಾರುಕಟ್ಟೆಯವರು. ಪ್ರತಿ ಟೋಪಿಯ ಅಡಿಯಲ್ಲೂ ಬೇರೆ ಯಾರದೋ ಮುಖ. ಗುಂಪಿನ ಹಿಂದೆ ಇರಬಹುದು. ಹಿಂದೆಯೂ ಇರಲಿಲ್ಲ. ಬೇಕರಿಯವನು ಬೂಟಿನಿಂದ ನೀರು ಬಗ್ಗಿಸುತ್ತಾ ಕೂತಿದ್ದ.

"ಪುಟ್ಟಿ ಎಲ್ಲಿ?"

ಅವನು ತಲೆಯೆತ್ತಿದ. "ನನ್ನ ಹಿಂದೇನೇ ಬರ್ತಿದ್ಳಲ್ಲ ಅಕ್ಕ..."

"ಎಲ್ಲಿ ಅಂದೆ!"

"ಮಾರುಕಟ್ಟೆ ಹತ್ರ ನಿಂತ್ಳು. ಬಂದೆ ನಡೀರಿ ಅಂದ್ಳು. ಹಿಂದೇನೇ ಇರ್ಬೇಕು ಅಂತ..."

"ಹಗ್ಗದ ಬೀದಿ ಅಂದಾಗ ಯಾರು ಇದ್ದೀವಿ ಅಂದಿದ್ದು?"

ಬೇಕರಿಯವನ ಮುಖ ಅವನ ಅಂಗಡಿಯ ಮೈದಾಹಿಟ್ಟಿನಷ್ಟು ಬೆಳ್ಳಗಾಯಿತು. ಬೂಟು ಕೈಯಿಂದ ಜಾರಿ ಬಿತ್ತು. "ನಾನೇ" ಎಂದ. "ನಾನೇ ಅಕ್ಕ. ಬಾಯಿಗೆ ಬಂದುಬಿಡ್ತು. ಅಭ್ಯಾಸ..."

ಚಪ್ಪಾಳೆ, ನಗು, ಫೋಟೋ, ಎಲ್ಲ ಒಂದೇ ಸಲಕ್ಕೆ ನಿಂತುಹೋಯಿತು. ಅಕ್ಕ ತಾತನಿಗೆ ಫೋನು ಹಚ್ಚಿದಳು. ರಿಂಗಾಯಿತು. ಇನ್ನೊಮ್ಮೆ ಹಚ್ಚಿದಳು. ರಿಂಗಾಯಿತು. ತಾತ ಎರಡೂ ಕೈಯಲ್ಲಿ ತೂಬಿನ ಚಕ್ರ ಹಿಡಿದಿರುತ್ತಾನೆ, ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿರುತ್ತಾನೆ, ಫೋನು ಅಂಗಿಯ ಜೇಬಿನಲ್ಲಿ ಬೊಬ್ಬೆ ಹೊಡೆಯುತ್ತಿರುತ್ತದೆ. ಮಗಳ ಫೋನಿಗೆ ಹಚ್ಚಿದಳು. ಅದು ರಿಂಗೂ ಆಗಲಿಲ್ಲ.

"ಸ್ಕೂಟರು ತಗೊಂಡು ಓಡು!" ಎಂದು ಬೇಕರಿಯವನ ರೆಟ್ಟೆ ಹಿಡಿದು ಎಬ್ಬಿಸಿದಳು. "ಚಕ್ರ ತಿರುಗ್ಸು. ಮುಚ್ಚು. ಹೋಗೋ!"

ಅವನು ಒಂದೇ ಕಾಲಿನ ಬೂಟಿನಲ್ಲಿ ಓಡಿದ. ಹಲ್ಲಿನ ಡಾಕ್ಟರಿಗೆ ಮೊದಲ ಸಲ ಮಾತು ಹೊರಡಲಿಲ್ಲ. ಅವರ ಕೈಯಲ್ಲಿದ್ದ ಟಾರ್ಚನ್ನು ಅಕ್ಕ ಕಿತ್ತುಕೊಂಡಳು. "ಅಮ್ಮಾ, ನಾವು ಹೋಗ್ತೀವಿ, ನೀವು ಬೇಡ..." ಎಂದು ಯಾರೋ ಅಡ್ಡ ಬಂದರು. ಬಂದವರು ಇನ್ನೂ ಟೋಪಿ ಸರಿಮಾಡಿಕೊಳ್ಳುತ್ತಿರುವಾಗಲೇ ಅವಳು ಮೆಟ್ಟಿಲಿಳಿದಿದ್ದಳು.

ಧೈರ್ಯ ಬಂತು ಎಂದು ಯಾರಾದರೂ ಆಮೇಲೆ ಹೇಳಿದರೆ ಅದು ಶುದ್ಧ ಸುಳ್ಳು. ಧೈರ್ಯ ಬರಲಿಲ್ಲ. ಬಾಯಿಯೊಳಗೆ ಕಾಲಿಟ್ಟ ಕೂಡಲೇ ಹಿಂದಿನ ಬೆಳಕು ಕೂಗಿ ಕರೆಯಿತು. ಅವಳು ಅಳುತ್ತಲೇ ನಡೆದಳು. ಟಾರ್ಚಿನ ಬೆಳಕು ಗೋಡೆಯ ಮೇಲೆಲ್ಲ ಕುಣಿಯುತ್ತಿತ್ತು. ಚಪ್ಪಲಿ ಕೆಸರಿನಲ್ಲಿ ಉಳಿದುಕೊಂಡಿತು. ಬರಿಗಾಲಿಗೆ ಏನೇನೋ ಮೆತ್ತಗೆ ತಾಕುತ್ತಿತ್ತು. ಕಮಾನಿನಿಂದ ಒಂದು ತೊಟ್ಟು ಕತ್ತಿನ ಮೇಲೆ ಬಿದ್ದಾಗ ಚೀರಿಬಿಟ್ಟಳು. ಆ ಚೀರು ಮುಂದಕ್ಕೆ ಹೋಗಿ, ಎಲ್ಲೋ ತಿರುಗಿ, ಬೇರೆ ಯಾರದೋ ಚೀರಿನಂತೆ ವಾಪಸು ಬಂತು.

"ಪುಟ್ಟೀ!"

ಪುಟ್ಟೀ, ಪುಟ್ಟೀ ಎಂದು ಕಾಲುವೆಯೇ ಉತ್ತರ ಕೊಟ್ಟಿತು. ಮಗಳ ದನಿ ಅದರೊಳಗೆ ಇದ್ದರೂ ಬೇರೆ ಮಾಡಿ ಕೇಳುವಂತಿರಲಿಲ್ಲ.

ಆಗ ಇಲಿಗಳು ಬಂದವು. ಒಂದೆರಡಲ್ಲ, ಗೋಡೆಯ ಎರಡೂ ಅಂಚಿಗೆ ಸಾಲುಸಾಲಾಗಿ, ಅವಳನ್ನು ಲೆಕ್ಕಕ್ಕೇ ಇಡದೆ, ಅವಳು ಬಂದ ಕಡೆಗೆ ಓಡಿದವು. ಅವು ಯಾಕೆ ಓಡುತ್ತಿವೆ ಎಂದು ಅವಳಿಗೆ ಗೊತ್ತಿತ್ತು. ಅವುಗಳ ಹಿಂದೆಯೇ ನೀರು ಬಂತು. ಮೊದಲು ಎಲೆ, ನೊರೆ, ಒಂದು ಪ್ಲಾಸ್ಟಿಕ್ ಡಬ್ಬಿ ತೇಲಿಬಂದವು, ಆಮೇಲೆ ಪಾದ ಮುಚ್ಚುವಷ್ಟು ತಣ್ಣನೆಯ ನೀರು, ಸದ್ದೇ ಇಲ್ಲದೆ. ಆಮೇಲೆ ಒಂದು ಹಳದಿ ಟೋಪಿ ಬಂತು.

ಅಕ್ಕ ಅದನ್ನು ಬಾಚಿ ಎದೆಗವಚಿಕೊಂಡಳು. ಅದರ ಪಟ್ಟಿಯಲ್ಲಿ ಮಗಳ ಕೂದಲಿನ ಕ್ಲಿಪ್ಪು ಸಿಕ್ಕಿಕೊಂಡಿತ್ತು. ಮುಂದೆ ಹೋಗಲು ಕಾಲು ಏಳಲಿಲ್ಲ, ಹಿಂದೆ ಹೋಗುವುದು ಎಂಬುದು ಇರಲಿಲ್ಲ. ಯಾಕೆ ಹಾಗೆ ಕೂಗಿದಳೋ ಗೊತ್ತಿಲ್ಲ, ಬಾಯಿಗೆ ಬಂದದ್ದು ಅದೇ.

"ಹಗ್ಗದ ಬೀದೀ!"

ಮಾರ್ದನಿ ಅಡಗುವ ತನಕ ಉಸಿರು ಬಿಗಿಹಿಡಿದಳು. ಮಾರುಕಟ್ಟೆಯ ತಿರುವಿನ ಕಡೆಯಿಂದ, ಬಹಳ ಸಣ್ಣಗೆ, ಅಳುವಿನಲ್ಲಿ ಒಡೆದ ದನಿ ಬಂತು.

"ಇಲ್ಲೇ... ಅಮ್ಮಾ, ಇಲ್ಲೇ..."

ಮಗಳು ತಿರುವಿನಲ್ಲಿ ಗೋಡೆಗೊರಗಿ, ಸೊಂಟದ ತನಕ ನೀರಿನಲ್ಲಿ ಕೂತಿದ್ದಳು. ವರ್ಷಗಟ್ಟಲೆ ಯಾರೂ ನಡೆಯದ ನೆಲದಲ್ಲಿ ಒಂದು ಹಾಸುಗಲ್ಲು ಸಡಿಲವಾಗಿತ್ತು. ಫೋಟೋ ತೆಗೆಯಲು ಹಿಂದಕ್ಕೆ ಹೆಜ್ಜೆಯಿಟ್ಟವಳ ಕಾಲು ಅದರ ಸಂದಿಯಲ್ಲಿ ಇಳಿದು, ಕಲ್ಲು ಮಗುಚಿ ಬೂಟಿನ ಮೇಲೆ ಕೂತಿತ್ತು. ಬಿದ್ದ ರಭಸಕ್ಕೆ ಫೋನೂ ಟಾರ್ಚೂ ನೀರುಪಾಲಾಗಿದ್ದವು. ಅಷ್ಟು ಹೊತ್ತೂ ಅವಳು ಆ ಕತ್ತಲಲ್ಲಿ ಒಬ್ಬಳೇ ಇದ್ದಳು.

ಅಕ್ಕ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಕಲ್ಲು ಎತ್ತಲು ನೋಡಿದಳು. ಅಲುಗಿತು, ಏಳಲಿಲ್ಲ. ನೀರು ಮಗಳ ಎದೆಗೆ ಬಂದಿತ್ತು.

"ಕೂಗಿದ್ದೆ ಅಮ್ಮ" ಎಂದಳು ಮಗಳು. ಅವಳ ಹಲ್ಲು ಕಟಕಟಿಸುತ್ತಿತ್ತು. "ನೀನು ಹೆಸರು ಕರೆದದ್ದೆಲ್ಲ ಇಲ್ಲಿಗೆ ಚೆನ್ನಾಗಿ ಕೇಳಿಸ್ತು. ಎಲ್ಲ ಬೀದಿನೂ. ನಮ್ಮದು ಬಂದಾಗ ಜೋರಾಗಿ ಕೂಗ್ಬೇಕು ಅಂತ ಉಸಿರು ಎಳ್ಕೊಂಡು ಕಾಯ್ತಿದ್ದೆ. ನೀನು ಹಗ್ಗದ ಬೀದಿ ಅಂದೆ. ನಾನು ಬಾಯಿ ತೆಗೆಯೋದ್ರೊಳಗೆ ಯಾರೋ ನನ್ನ ಬದಲು ಇದ್ದೀವಿ ಅಂದುಬಿಟ್ರು."

ಅಕ್ಕ ಬಾಯಿಂದ ಬೀಳುವಂತಾದ ಟಾರ್ಚನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಎಷ್ಟು ಕೂಗಿದರೂ ಚಪ್ಪಾಳೆಯ ಗದ್ದಲದಲ್ಲಿ ಹೊರಗೆ ಯಾರಿಗೂ ಕೇಳಿಸಿರಲಿಲ್ಲ. ಆ ಕಡೆಯಿಂದ ಬರುವ ಮಾತು ಇಲ್ಲಿಗೆ ಬಂತು, ಇಲ್ಲಿಯದು ಅಲ್ಲಿಗೆ ಹೋಗಲಿಲ್ಲ.

"ಮಾತು ಬೇಡ ಈಗ. ಕಾಲು ಎಳ್ಕೋ."

"ಬರ್ತಿಲ್ಲಮ್ಮ. ಅವಾಗಿಂದ ಎಳೀತಿದೀನಿ."

"ಬೂಟು ಬಿಟ್ಟುಬಿಡು. ಕಾಲೊಂದೇ ಎಳ್ಕೋ. ಬೂಟಿನೊಳಗೆ ನೀರು ತುಂಬಿದೆ, ಜಾರುತ್ತೆ. ನಾನು ಕಲ್ಲು ಅಲ್ಲಾಡಿಸ್ತೀನಿ, ನಾನು ಹೂಂ ಅಂದಾಗ ಎಳಿ."

ಟಾರ್ಚನ್ನು ಮತ್ತೆ ಹಲ್ಲಿನಲ್ಲಿ ಕಚ್ಚಿಕೊಂಡು, ಕಲ್ಲೆತ್ತಲು ಆಸರೆಗೆಂದು ಅವಳು ಬೆನ್ನನ್ನು ಗೋಡೆಗೆ ಕೊಟ್ಟಳು. ಅದೇ ಗೋಡೆ. ಟಾರ್ಚಿನ ಬೆಳಕು ಅಡ್ಡಡ್ಡ ಬಿದ್ದು, ಕಲ್ಲಿನಲ್ಲಿ ಕೊರೆದ ಸಣ್ಣ ಗುದ್ದಲಿಗಳು ಒಂದರ ಪಕ್ಕ ಒಂದು ಎದ್ದು ಕಂಡವು. ಅವಳ ಭುಜದ ಹತ್ತಿರ ಸಾಲು ನಿಂತು, ಅಲ್ಲಿಂದ ಮುಂದಕ್ಕೆ ಗೋಡೆ ಖಾಲಿ ಇತ್ತು. ಇನ್ನೊಂದು ಗುದ್ದಲಿಗೆಂದು ಜಾಗ ಬಿಟ್ಟಂತಿತ್ತು.

"ಹೂಂ!"

ಕಲ್ಲು ಒಂದು ಬೆರಳಷ್ಟು ಎದ್ದಿತು. ಮಗಳು ನೋವಿಗೆ ಚೀರಿದಳು. ನೀರು ಅವಳ ಗಲ್ಲಕ್ಕೆ ಬಡಿಯಿತು. ಮತ್ತೆ ಹೂಂ. ಮತ್ತೆ. ಕಾಲು ಬೂಟನ್ನು ಅಲ್ಲೇ ಬಿಟ್ಟು ಸರ್ರನೆ ಹೊರಬಂತು, ಇಬ್ಬರೂ ನೀರಿನೊಳಗೆ ಮಗುಚಿ ಬಿದ್ದರು, ಟಾರ್ಚು ಆರಿಹೋಯಿತು.

ಈಗ ಕತ್ತಲು ಪೂರ್ತಿಯಾಯಿತು. ಅಕ್ಕ ಒಂದು ಕೈಯಲ್ಲಿ ಮಗಳ ಸೊಂಟ ಹಿಡಿದು ಇನ್ನೊಂದು ಕೈಯಲ್ಲಿ ಗೋಡೆ ತಡವುತ್ತ, ನೀರು ನೂಕಿದ ಕಡೆಗೆ ಕಾಲೆಳೆದಳು. ಗೋಡೆಯ ಮೇಲೆ ಅವಳ ಬೆರಳಿನಡಿ ಏನೇನೋ ಸರಿದವು. ಸರಿಯಲಿ ಎಂದು ಕೈ ತೆಗೆಯಲಿಲ್ಲ.

"ಅಮ್ಮ, ನಿನಗೆ ಹೆದರಿಕೆ ಆಗ್ತಿಲ್ವಾ?"

"ಜೀವ ಹೋಗೋಷ್ಟು ಆಗ್ತಿದೆ. ಯಾವತ್ತೂ ಆಗ್ತಿತ್ತು. ಬೆನ್ನು ಮಾಡಿ ನಿಲ್ತಿದ್ದೆನಲ್ಲ, ಅದು ಪದ್ಧತಿ ಅಲ್ಲ ಕಣೇ. ಹೆದರಿಕೆ. ತಿರುಗಿ ನೋಡೋ ಧೈರ್ಯ ಇದ್ದಿದ್ರೆ ನೀನಿಲ್ಲ ಅಂತ ಕಾಣ್ತಿತ್ತು. ನಾನೇ ನೀರು ಬಿಡಿ ಅಂದೆ. ನನ್ನ ಬಾಯಲ್ಲೇ ಅಂದೆ."

ಮಗಳು ಅಮ್ಮನ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ನೀರು ತೊಡೆಗೆ ಬಂದು ಅಲ್ಲೇ ನಿಂತಿತು. ಆಮೇಲೆ ಎಳೆತ ಸಡಿಲಾಯಿತು. ಮೇಲೆ ಬೇಕರಿಯವನು ಚಕ್ರಕ್ಕೆ ಜೋತುಬಿದ್ದಿದ್ದ ಎಂದು ಅವರಿಗೆ ತಿಳಿದದ್ದು ಆಮೇಲೆ. ಎದುರಿನಿಂದ ಟಾರ್ಚುಗಳು ಬಂದವು, ಕೈಗಳು ಬಂದವು, ಯಾರೋ ಮಗಳನ್ನು ಎತ್ತಿಕೊಂಡರು. ಅಕ್ಕ ತಾನು ಹಿಡಿದ ಸೊಂಟವನ್ನು ಬಿಡಲಿಲ್ಲ, ಹಾಗಾಗಿ ಇಬ್ಬರನ್ನೂ ಒಟ್ಟಿಗೇ ಹೊರಗೆ ತಂದರು.

ಹೊರಗೆ ಬೆಳಕು ಕಣ್ಣಿಗೆ ಚುಚ್ಚಿತು. ಮಗಳಿಗೆ ಕಂಬಳಿ ಹೊದಿಸಿ ಮೆಟ್ಟಿಲ ಮೇಲೆ ಕೂರಿಸಿದರು, ಕಾಲಿಗೆ ಬಟ್ಟೆ ಸುತ್ತಿದರು. ಬೇಕರಿಯವನು ಸ್ಕೂಟರು ಎಲ್ಲೋ ಬಿಸಾಕಿ ಓಡಿಬಂದ. ಮಗಳನ್ನು ಕಂಡವನೇ ರಸ್ತೆಯಲ್ಲೇ ಕೂತುಬಿಟ್ಟ. "ಅಕ್ಕ, ನನ್ನನ್ನ ಹೊಡಿ" ಎಂದ. ಹೊಡೆಯುವ ಶಕ್ತಿ ಅಕ್ಕನಿಗಿರಲಿಲ್ಲ. ಹೊಡೆಯುವುದಾದರೆ ಯಾರಿಂದ ಶುರು ಮಾಡಬೇಕೆಂದೂ ಗೊತ್ತಾಗಲಿಲ್ಲ.

"ದೊಡ್ಡ ಗಂಡಾಂತರ ಕಳೀತು. ನಡೀರಿ, ಎಲ್ಲರೂ ಮನೆಗೆ ನಡೀರಿ" ಎಂದರು ಹಲ್ಲಿನ ಡಾಕ್ಟರು.

"ಯಾರೂ ಹೋಗಕೂಡದು" ಎಂದಳು ಅಕ್ಕ.

ಅವಳು ಎದ್ದು ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತಳು. ಸೀರೆಯಿಂದ ಕೆಸರು ಸೋರುತ್ತಿತ್ತು. ಈ ಸಲ ಮುಖ ಕಾಲುವೆಯ ಕಡೆಗಿತ್ತು, ಕಣ್ಣು ತೆರೆದಿತ್ತು. ಕಪ್ಪು ಬಾಯಿ ಅಲ್ಲೇ ಇತ್ತು, ಮೊದಲಿನಷ್ಟೇ ಕಪ್ಪಾಗಿ.

"ಗಂಟೆಬೀದಿ?"

ಡಾಕ್ಟರು ತಬ್ಬಿಬ್ಬಾದರು. ಅವಳ ಮುಖ ನೋಡಿ, "ಇದ್ದೀವಿ" ಎಂದರು, ಮೆತ್ತಗೆ. ಅವಳು ಅವರನ್ನು ಕಣ್ಣಿಟ್ಟು ನೋಡಿ, ಮುಂದಿನ ಹೆಸರು ಕೂಗಿದಳು. ಪ್ರತಿಯೊಬ್ಬರ ಮುಖವನ್ನೂ ನೋಡಿದಳು. ಗುಂಪಿನಲ್ಲಿ ಯಾರೂ ನಗಲಿಲ್ಲ.

"ಒಲೆಬೀದಿ?"

"ಇದ್ದೀವಿ" ಎಂದ ಬೇಕರಿಯವನು. ಹೇಳಿದವನೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಹಗ್ಗದ ಬೀದಿ?"

ಯಾರೂ ಮಾತಾಡಲಿಲ್ಲ. ಮಗಳು ಕಂಬಳಿಯೊಳಗೆ ನಡುಗುತ್ತಿದ್ದಳು, ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಎಲ್ಲರ ಕಣ್ಣೆದುರಿಗೇ ಇದ್ದಳು. ಯಾರು ಬೇಕಾದರೂ ಅವಳ ಪರವಾಗಿ ಒಂದು ಮಾತು ಅಂದುಬಿಡಬಹುದಿತ್ತು. ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದ ಹೆಂಗಸೂ ತುಟಿ ಬಿಗಿಹಿಡಿದಳು. ಕಾಲುವೆಯಲ್ಲಿ ಉಳಿದ ನೀರು ಹರಿಯುವ ಸದ್ದೊಂದೇ ಕೇಳುತ್ತಿತ್ತು. ಅಕ್ಕ ಎರಡನೆಯ ಸಲ ಕೂಗಲಿಲ್ಲ. ಮಗಳನ್ನೇ ನೋಡುತ್ತ ನಿಂತಳು. ಆ ಇಡೀ ದಿನದಲ್ಲಿ ಅವಳಿಗೆ ಅತಿ ಹೆಚ್ಚು ಭಯವಾದದ್ದು ಆ ಒಂದು ಗಳಿಗೆಯಲ್ಲಿ.

ಮಗಳು ಕಂಬಳಿಯಿಂದ ಕೈ ಹೊರಗೆ ತೆಗೆದು, ಎಂಜಲು ನುಂಗಿ, ತಲೆಯೆತ್ತಿದಳು.

"ಇದ್ದೀನಮ್ಮ" ಎಂದಳು.